ನೀವಿಟ್ಟ ಹೆಸರು

ಅಲ್ರೀ ಇಂದುಮತಿ ಅಕ್ಕಾರ, ನನ್ನ ಕೆಲಸದಿಂದ ತಗದ್ರು ಅಂತ ನಾ ಅನ್ನಾಕತ್ತೀನಿ, ನೀವು ಬೂಟು ಬಿಚ್ಚಿ ಒಳಗ ಬಾ ಅಂತೀರಲ್ಲ! ಬಿಚ್ಚಿದೆ, ನೋಡ್ರಿ, ಬಿಚ್ಚಿದೆ. ಸಾಕ್ಸೂ ತೊಯ್ದಾವ. ನಿಮ್ಮ ಶ್ಯಾಮ್ ಸಾಹೇಬರು ಡ್ರೈವ್‌ವೇದಾಗ ಸ್ನೋ ತಗ್ಯಾಕತ್ತಿದ್ರು, ನಡುವ ಕಾರು ತಂದು ನಿಲ್ಲಸೂದು ಹೆಂಗ ಅಂತ ರಸ್ತಾದಾಗ ಬಿಟ್ಟು ನಡಕೊಂಡು ಬಂದೆ. ಎಲ್ಕ್ ಗ್ರೋವಿನಿಂದ ನಿಮ್ಮ ಇಟಾಸ್ಕಾಕ್ಕ ಎಷ್ಟರ ದೂರ? ಆದ್ರ ಇವತ್ತ ದಾರಿ ಸವೀಲೇ ಇಲ್ರಿ... ಬ್ಯಾಡ, ಚಾ ಬ್ಯಾಡ ನನಗ. ನೀವು ನಿಮ್ಮ ಕಪ್ ತೊಗೊಂಡು ಕೂಡ್ರಿ. ಅಲ್ಲೆ ಸಿಂಕಿನ ಬಾಜೂಕ ನಿಂತ ಮಾತಾಡಬ್ಯಾಡ್ರಿ, ಇಲ್ಲಿ, ನನ್ನ ಎದುರಿಗೆ. ಹಾಂ.

ಶುಕ್ರವಾರ ಮಧ್ಯಾಹ್ನ. ಮ್ಯಾನೇಜರ್ ಬಾಯಿ ಆಫೀಸಿಗೆ ಕರದ್ಲು. 'ಒಂದು ಫ್ಯಾಮಿಲಿಗೆ ನಿನ್ನ ಮ್ಯಾಲ ನಂಬಿಕಿ ಉಳಿದಿಲ್ಲ, ಸಾರಿ' ಅಂದ್ಲು. ಬ್ಯಾಡ್ಜ್ ಕೇಳಿದ್ಲು. ಆದಾ ಅಂತ ಬರದಿದ್ದ ಬ್ಯಾಡ್ಜು. ಕೊಟ್ಟೆ. ಕೋಟ್ ಹಾಕ್ಕೊಂಡೆ. ಮುದುಕಿಯರೆಲ್ಲಾ ಊಟದ ಹಾಲಿನ್ಯಾಗ ಕುಂತಿದ್ರು, 'ಆದಾ, ಎಲ್ಲಿ ಹೊಂಟಿ, ಆದಾ' ಅಂತ ಕರದ್ರು. ಹಿಂದ ತಿರಗಿ ನೋಡಲಿಲ್ಲ ನಾ. ನೀವು ಅವತ್ತು ರಜಾ ಇದ್ರಿ. ಹೌದಲ್ಲ? ರಜಾ ಇದ್ರಿ.

ಏನಂದ್ರಿ? ಬ್ಯಾರೆ ಹೋಮಿನ್ಯಾಗ ಅಪ್ಲೈ ಮಾಡು ಅಂತೀರಿ? ಮಾಡ್ತೀನ್ರಿ. ಮುದುಕರ ಮೈ ತೊಳಿಯೋ ಕೆಲಸಕ್ಕ ಈ ಶಿಕಾಗೋದಾಗ ಬರಗಾಲ ಇಲ್ಲ. ಕೆಲಸದ ಸಲುವಾಗಿ ಬಂದಿಲ್ಲ ನಾ. ಸಿನ್ಯೋರಾ ನುನ್ಸಿಯಾ ಊಟ ಬಿಟ್ಟಾಳ. ಹೂಂ, ನಮ್ಮ ಇಟಲಿ ಮುದುಕಿ ನುನ್ಸಿಯಾ, ನೀವು ಸೊಂಟದ ಎಕ್ಸರ್‌ಸೈಜ್ ಮಾಡಸ್ತೀರಲ್ಲ, ಆಕಿ. ಅಡಗಿಮನಿ ರೋಸಾ ಫೋನ್ ಮಾಡಿದ್ಲು. ಬಾಯಿ ಬಿಗಿ ಹಿಡದು ಮಕ್ಕೊಂಡಾಳಂತ. ಯಾರರ ಒಳಗ ಬಂದ್ರ ಬಾಗಲದ ಕಡೆ ನೋಡಿ 'ಆದಾ?' ಅಂತಾಳಂತ. ಎಂಬತ್ತು ದಾಟಿದ ಜೀವ, ಎಷ್ಟು ದಿನ ತಡದೀತು? ಒಂದ ಸಲ... ಒಂದ ಸಲ ಆಕಿ ಬಾಜೂಕ ಕುಂತು ಎರಡು ಚಮಚಾ ಸೂಪ್ ಕುಡಿಸಿ ಬರ್ತೀನಿ. ಅದಕ್ಕ ಆಕಿ ಮಗಳು ಡಯಾನ್ ಒಪ್ಪಬೇಕು. ನಿಮ್ಮ ಮಾತು ಆಕಿ ಕೇಳ್ತಾಳ. ಹೇಳ್ರಿ ಆಕಿಗೆ, ಈ ಆಬಿದಾ ಮೋಸಗಾತಿ ಅಲ್ಲ ಅಂತ. ಅಷ್ಟ.

ಯಾಕ ಸಿಟ್ಟು ಅಂದ್ರ... ಡಯಾನ್‌ಗ ಗೊತ್ತಾತ್ರಿ. ನಾ ಇಟಲಿ ಹೆಣಮಗಳಲ್ಲ, ಹಿಂದೂಸ್ತಾನದ ಮುಸಲ್ಮಾನಾಕಿ ಅಂತ. ಹೆಂಗೋ ಗೊತ್ತಾತು.

ಈ ಆದಾ ಹುಟ್ಟಿದ್ದು ಹೆಂಗ, ನೆನಪೈತಿಲ್ಲ ನಿಮಗ? ನ್ಯೂಯಾರ್ಕಿನ್ಯಾಗ ಆ ಟವರ್ ಬಿದ್ದ ವರ್ಷ. ಗ್ಯಾಸ್ ಸ್ಟೇಷನ್ನಿನ್ಯಾಗ ಒಬ್ಬಾಂವ ನನ್ನ ತಲಿ ಮ್ಯಾಲಿನ ದುಪಟ್ಟಾ ಜಗ್ಗಿ, ಮಾರಿಗೆ ಕಾಫಿ ಉಗ್ಗಿದ. ಆವತ್ತಿನಿಂದ ಮನಿ ಬಿಟ್ಟು ಹೊರಗ ಬರವಲ್ಲೆ ನಾ. ನೀವ ಬಂದ್ರಿ. 'ಆಬಿದಾ, ನಿಂಗೆ ಇಟಾಲಿಯನ್ ಬರುತ್ತೆ, ನಮ್ಮ ಹೋಮಲ್ಲಿ ಇಟಲಿ ಅಜ್ಜಿಗಳು ಇಂಗ್ಲಿಷೆಲ್ಲಾ ಮರೆತು ಕೂತಿದಾರೆ, ಅವರ ಮಾತು ಯಾರಿಗೂ ಅರ್ಥ ಆಗಲ್ಲ, ನೀನು ಬಾ' ಅಂದ್ರಿ. 'ಆಫೀಸಲ್ಲಿ ನಿನ್ನ ಹೆಸರೇ ಇರಲಿ, ಬ್ಯಾಡ್ಜ್ ಮೇಲೆ ಮಾತ್ರ ಆದಾ ಅಂತ ಹಾಕಿಸೋಣ. ಎಲ್ಲಿಯವಳು ಅಂದ್ರೆ ಇಟಲಿಯ ಬ್ರೆಶಾ ಅನ್ನು. ಹತ್ತು ವರ್ಷ ಅಲ್ಲಿದ್ದೆ, ಸುಳ್ಳೇನಲ್ವಲ್ಲ? ಒಂದೇ ವರ್ಷ ಕಣೆ, ಈ ಗಲಾಟೆ ತಣ್ಣಗಾಗ್ಲಿ' ಅಂದ್ರಿ. ಕಣೆ ಅಂದ್ರಿ! ನಮ್ಮ ಗದಗಿನ ಕಡೆ ಹಂಗ ಅನ್ನೂದಿಲ್ಲ, ಆದ್ರೂ ಎಷ್ಟು ಹಿತ ಆತು ಗೊತ್ತೇನ್ರಿ ನನಗ. ಆ ಒಂದ ಮಾತಿಗೆ ದುಪಟ್ಟಾ ಮಡಚಿ ಬ್ಯಾಗಿನ್ಯಾಗ ಇಟ್ಟೆ.

ಮತ್ತ ಆ ಸಲಾಮಿ ಕಥಿ! ಡಯಾನ್ ಬಂದಾಗೆಲ್ಲ ಹಂದಿ ಸಲಾಮಿ ತರೂದು, 'ಟೇಸ್ಟ್ ಮಾಡು ಏಡಾ' ಅನ್ನೂದು. ಅಮೆರಿಕಾದವರ ಬಾಯಾಗ ಆದಾ ಹೋಗಿ ಏಡಾ ಆಗಿತ್ತಲ್ಲ. ನಾ ಏನು ಹೇಳ್ಲಿ? ಇಟಲ್ಯಾಗ ಹೆಣಮಕ್ಕಳು ಹರಕಿ ಹೊರ್ತಾರ, ಫಿಯೊರೆಟ್ಟೊ ಅಂತಾರ ಅದಕ್ಕ. ಮಾತೆ ಮೇರಿಗೆ ಬೇಡ್ಕೊಂಡು ತಮಗ ಇಷ್ಟದ ತಿನಿಸು ಬಿಡೂದು. ಬ್ರೆಶಾದಾಗ ನಮ್ಮ ಮಗ್ಗಲ ಮನ್ಯಾಕಿ ಮಗ ಪಾಸಾಗಲಿ ಅಂತ ಚಾಕಲೇಟ್ ಬಿಟ್ಟಿದ್ಲು. ನಾನೂ ಅಂದೆ, ನಂದು ಹಂದಿ ಮಾಂಸದ ಹರಕಿ ಅಂತ! ... ನಗ್ತೀರಿ? ನಗ್ರಿ, ಆಗೂ ನಕ್ಕಿದ್ರಿ. ಮುದುಕಿಯರು ಎದಿ ಮ್ಯಾಲ ಶಿಲುಬಿ ಮಾಡ್ಕೊಂಡು, 'ಎಂಥಾ ಭಕ್ತಿ ಈ ಹುಡುಗೀದು, ಸಲಾಮಿ ಬಿಟ್ಟಾಳ!' ಅಂತಿದ್ರು. ರಂಜಾನ್ ಆ ವರ್ಷ ಕ್ರಿಸ್‌ಮಸ್ಸಿಗೆ ಮೊದಲ ಬಂದಿತ್ತು. ನಾ ಹಗಲೆಲ್ಲಾ ಉಪಾಸ. ಅದೂ ಯೇಸು ಹುಟ್ಟೂದಕ್ಕ ಹಿಡದ ಉಪಾಸ ಅಂತ ಅವರ ಲೆಕ್ಕ. ಪಾದ್ರಿ ಬಂದು, ಏಡಾನ್ನ ನೋಡಿ ಕಲೀರಿ ಅಂತ ಉಳದ ಆಯಾಗಳಿಗೆ ಬುದ್ಧಿ ಹೇಳಿದ. ನಾ ಅದನ್ನ ಹೇಳಿದ್ರ ನೀವು ಸ್ಟೀರಿಂಗ್ ಮ್ಯಾಲ ಬಿದ್ದು ನಕ್ಕು ನಕ್ಕು ಎಕ್ಸಿಟ್ ತಪ್ಪಿಸಿಬಿಟ್ರಿ, ಗುರ್ನಿ ಊರ ತನಕಾ ಹೋಗಿ ಹೊಳ್ಳಿ ಬಂದ್ವಿ.

ನುನ್ಸಿಯಾ ಒಬ್ಬಾಕಿ ಭಕ್ತಿ ಗಿಕ್ತಿ ಅಂತಿದ್ದಿಲ್ಲ. ಸುಮ್ನ ನನ್ನ ಕಡೆ ನೋಡ್ತಿದ್ಲು. ಒಂದ ದಿನ ನಾ ಚಾದರ್ ಇಡೋ ಕೋಣ್ಯಾಗ ನಮಾಜ್ ಮಾಡಾಕತ್ತಿದ್ದೆ. ಬಾಗಲಾ ತಗದ್ಲು ನೋಡ್ರಿ! ನೋಡಿದ್ಲು, ಮತ್ತ ಬಾಗಲಾ ಮುಚ್ಚಿದ್ಲು. ನಮಾಜ್ ಮುಗಿಸಿ ಹೊರಗ ಬಂದ್ರ, ತನ್ನ ವಾಕರ್ ಬಾಗಲಕ್ಕ ಅಡ್ಡ ಹಚ್ಚಿ ಪೊಲೀಸ್ ನಿಂತಂಗ ನಿಂತಾಳ! ಯಾರೂ ಒಳಗ ಬರಬಾರದು ಅಂತ. ನನ್ನ ಗಲ್ಲಾ ಹಿಡದು 'ಮಾರೊಕ್ಕಿನಾ' ಅಂದ್ಲು, ನಕ್ಲು.

ಮಾರೊಕ್ಕಿನಾ ಅಂದ್ರ ಮೊರಾಕ್ಕೋದಾಕಿ ಅಂತ. ಬ್ರೆಶಾದಾಗ ನಮ್ಮಂಥವರನ್ನ ಕರಿಯೂದ ಹಂಗ. ಇಂಡಿಯಾ ಅಂದ್ರೂ ಅದ, ಸೆನೆಗಲ್ ಅಂದ್ರೂ ಅದ, ಎಲ್ಲಿಯಾಕಿ ಅಂತ ಕೇಳೋರ ಇಲ್ಲ. ನಮ್ಮ ಮನಿಯವರು ವಾಹಿದ್ ಅಲ್ಲಿ ಫ್ಯಾಕ್ಟರ್ಯಾಗ ಮಷೀನ್ ಕುಂದ್ರಸೋ ಮೇಸ್ತ್ರಿ, ಸಾಹುಕಾರಗ ಅವರ ಮ್ಯಾಲ ಭಾಳ ಪ್ರೀತಿ. ಆದ್ರ ಬಾಡಗಿ ಮನಿ? ಫೋನಿನ್ಯಾಗ ನನ್ನ ಇಟಾಲಿಯನ್ ಕೇಳಿ ಬರ್ರಿ ಬರ್ರಿ ಅನ್ನೋರು, ಮಾರಿ ನೋಡಿದ ಮ್ಯಾಲ ಈಗಷ್ಟ ಬ್ಯಾರೆಯವರಿಗೆ ಕೊಟ್ಟಬಿಟ್ವಿ ಅನ್ನೋರು. ಇದನ್ನ ನುನ್ಸಿಯಾಗ ಹೇಳಿದೆ. ಆಕಿ ಅಂದ್ಲು, ತನಗೂ ಹಂಗ ಅಂದಿದ್ರಂತ! ಆಕಿ ದಕ್ಷಿಣ ಇಟಲಿಯಾಕಿ, ಕಲಾಬ್ರಿಯಾದಾಕಿ. ದುಡಿಯಾಕ ಅಂತ ಉತ್ತರದ ತುರಿನೋ ಊರಿಗೆ ಬಂದ್ರ, ಅವರ ದೇಶದವರ ಅವರ ದೇಶದಾಕಿಗೆ ಮಾರೊಕ್ಕಿನಾ ಅಂದ್ರು. ದಕ್ಷಿಣದವರಿಗೆ ಮನಿ ಕೊಡೂದಿಲ್ಲ ಅಂತ ಬೋರ್ಡ್ ಬ್ಯಾರೆ. 'ಅದಕ್ಕ ಹಡಗ ಹತ್ತಿ ಇಲ್ಲಿಗೆ ಬಂದ್ವಿ. ಇಲ್ಲಿಗೆ ಬಂದ ಮ್ಯಾಲ ನಾವು ಇಟಾಲಿಯನ್ ಆದ್ವಿ' ಅಂದ್ಲು. ಹೆಂಗೈತಿ ಮಾತು!

ನಮ್ಮ ಮಗಳು ಹುದಾನ್ನ ನೋಡ್ರಿ. ಬ್ರೆಶಾದ ದವಾಖಾನ್ಯಾಗ ಹುಟ್ಟಿದಾಕಿ, ಅಲ್ಲೇ ಸಾಲಿಗೆ ಹೋದಾಕಿ. ಕನಸಿನ್ಯಾಗ ಈಗೂ ಇಟಾಲಿಯನ್ ಬಡಬಡಸ್ತಾಳ. ಆದ್ರ ಪಾಸ್‌ಪೋರ್ಟ್ ಇಂಡಿಯಾದ್ದು. ಅಲ್ಲಿ ಹುಟ್ಟಿದ್ರ ಸಾಲದಂತ, ಹದಿನೆಂಟು ತುಂಬೂತನಾ ಅಲ್ಲೇ ಇದ್ದು ಆಮ್ಯಾಲ ಬೇಡ್ಕೋಬೇಕಂತ. ನಾವು ಎಲ್ಕ್ ಗ್ರೋವಿಗೆ ಬಂದ್ವಿ, ಅದೂ ಹೋತು. ಇಲ್ಲಿ ಡಯಾನ್ ಒಂದ ದಿನ ಇಟಲಿ ನೆಲ ತುಳದಾಕಿ ಅಲ್ಲ, 'ಚಾವ್' ಬಿಟ್ರ ಎರಡನೇ ಮಾತು ಬರೂದಿಲ್ಲ, ಕಾನ್ಸುಲೇಟಿಗೆ ಹೋಗಿ ನಮ್ಮ ತಾಯಿ ಅಲ್ಲಿಯಾಕಿ ಅಂದ್ಲು, ರಕ್ತದ ಲೆಕ್ಕದಾಗ ಪಾಸ್‌ಪೋರ್ಟ್ ಬಂತು. ಕುಣಕೋತ ತಂದು ತೋರಿಸಿದ್ಲು, 'ಏಡಾ, ಈಗ ನಾವಿಬ್ರೂ ಒಂದ!' ಕಂಗ್ರಾಚುಲೇಶನ್ಸ್ ಅಂದೆ. ಮನಿಗೆ ಹೋಗಿ ಅತ್ತೆ. ಆದ್ರ ಆಕಿ ಕೆಟ್ಟಾಕಿ ಅಲ್ರಿ. ಆಕಿ ಸಣ್ಣಾಕಿದ್ದಾಗ ನುನ್ಸಿಯಾ ಇಟಾಲಿಯನ್ ಆಡಿದ್ರ ಇಂಗ್ಲಿಷಿನ್ಯಾಗ ಉತ್ತರ ಕೊಡ್ತಿದ್ಲಂತ. ಈಗ ತಾಯಿ ಇಂಗ್ಲಿಷ್ ಮರತಾಳ, ಮಗಳಿಗೆ ಇಟಾಲಿಯನ್ ಬರೂದಿಲ್ಲ. ನಡುವ ಕುಂತು ಇಬ್ಬರ ಮಾತೂ ನಾನ ಮುಟ್ಟಸ್ತಿದ್ದೆ.

ಕ್ರಿಸ್‌ಮಸ್ಸಿನ ಹಿಂದಿನ ದಿನದ್ದು ನಿಮಗ ಹೇಳಿದ್ದಿಲ್ಲ ನಾ. ನಮ್ಮ ಕಡೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತಗೀತಾರಲ್ಲ, ಹಂಗ ಅವರದು ಎಣ್ಣೀಲೆ. ತಾಟಿನ್ಯಾಗ ನೀರು, ನೀರಿನ್ಯಾಗ ಎಣ್ಣಿ ಹನಿ, ಬಾಯಾಗ ಒಂದು ಮಂತ್ರ. ಆ ಮಂತ್ರ ಹೆಣ್ಣಿನಿಂದ ಹೆಣ್ಣಿಗೆ ಬರೂದು. ಅದೂ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಮಾತ್ರ ಕಲಿಸಬೇಕು. ಬ್ಯಾರೆ ದಿನ ಬಾಯಿ ಬಿಟ್ರ ಮಂತ್ರ ಸತ್ತಹೋಗ್ತೈತಿ ಅಂತ. ಈ ಊರಿನ ಡಿಸೆಂಬರ್ ಗೊತ್ತಲ್ಲ ನಿಮಗ, ಮಧ್ಯಾಹ್ನದ ಚಾ ಕುಡಿಯೂದ್ರಾಗ ಕತ್ತಲು. ಮುದುಕಿ ಕಿಟಕಿ ನೋಡಿದ್ಲು, 'ಮಧ್ಯರಾತ್ರಿ ಆತು, ಬಾ ಇಲ್ಲೆ' ಅಂದ್ಲು. ಮಗಳಿಗೆ ಕಲಿಸ್ರಿ ಸಿನ್ಯೋರಾ ಅಂದೆ. ಆಕಿಗೆ ನನ್ನ ಮಾತು ತಿಳಿಯೂದಿಲ್ಲ ಅಂದ್ಲು. ಆಗ ಹೇಳಿದೆ ನೋಡ್ರಿ, ನಾ ನಿಮ್ಮ ಧರ್ಮದಾಕಿ ಅಲ್ಲ ಅಂತ. ಆ ಹೋಮಿನ್ಯಾಗ ಮೊದಲನೇ ಸಲ ಬಾಯಿ ಬಿಟ್ಟು ಹೇಳಿದ್ದು. ಆಕಿ ಕೈ ಬೀಸಿ, 'ದೇವರ ಹೆಸರು ಬರೋ ಕಡೆ ನಿನ್ನ ದೇವರನ್ನ ಹಾಕ್ಕೊ. ಎಣ್ಣಿ ಮಾತ್ರ ಆಲಿವ್ ಎಣ್ಣೀನ ಆಗಬೇಕು' ಅಂದ್ಲು! ... ಇದಕ್ಕ ನಗವಲ್ರಿ ಯಾಕ? ನಗೂ ಮಾತದು.

ಆತು. ಕಲತೆ. ಜನವರ್ಯಾಗ ಡಯಾನ್ ಬಂದ್ಲು, ತಲಿ ಸಿಡ್ಯಾಕತ್ತೈತಿ ಅಂದ್ಲು. ಮುದುಕಿ ಆಕಿ ಮಾರಿ ನೋಡಿ ಏನೋ ಹೇಳಿದ್ಲು. 'ಮಾಮ್ ಏನಂತಾಳ?' ಅಂದ್ಲು ಡಯಾನ್. ನಾ ಏನರ ಒಂದು ಅಂದು ಹಾರಿಸಬಹುದಿತ್ತು. ಸ್ನೋ ಭಾಳ ಐತಿ ಅಂತಾಳ, ಜೋಪಾನ ಡ್ರೈವ್ ಮಾಡು ಅಂತಾಳ ಅಂತ. ಆದ್ರ ಆ ತಾಯಿ ಮಗಳ ನಡುವ ಒಂದ ಶಬ್ದಾನೂ ನುಂಗಿದಾಕಿ ಅಲ್ಲ ನಾ. ಇದ್ದದ್ದು ಇದ್ದಂಗ ಹೇಳಿದೆ. 'ನಿನಗ ದೃಷ್ಟಿ ಆಗೇತಿ. ಆದಾ ತಗೀತಾಳ. ಮಂತ್ರ ಆಕಿಗೆ ಕೊಟ್ಟೀನಿ, ಅಂತಾರ.' ಡಯಾನ್ ಮಾರಿ ಬಿಳಚಿಕೊಂಡ್ತು. ಆಕಿ ಅಜ್ಜಿಯಿಂದ ತಾಯಿಗೆ ಬಂದದ್ದು, ತಾಯಿಯಿಂದ ತನಗ ಬರಬೇಕಾದ್ದು, ಮೈ ತೊಳಿಯೋ ಆಯಾನ ಕೈಯಾಗ! 'ಈಗಿಂದೀಗ ನನಗ ಕಲಿಸು' ಅಂದ್ಲು. ಬರೂ ಕ್ರಿಸ್‌ಮಸ್ಸಿಗೆ ಕಲಿಸ್ತೀನಿ, ಈಗ ಹೇಳಿದ್ರ ಕೆಡ್ತೈತಿ ಅಂದೆ. ಖರೇನ ಅಂದೆ, ಮುದುಕಿಗೆ ಮಾತು ಕೊಟ್ಟಿದ್ದೆ. ಆಕಿಗೆ ನಾ ಬಚ್ಚಿಡಾಕತ್ತೀನಿ ಅನ್ನಿಸ್ತು. 'ನೀ ಯಾರು?' ಅಂದ್ಲು. ಅಷ್ಟು ದಿನದಾಗ ಒಮ್ಮೆ ಕೇಳಿದ್ದಿಲ್ಲ.

ಆಮ್ಯಾಲ ನಾ ಯಾರು ಅಂತ ಕಂಡವರನ್ನೆಲ್ಲಾ ಕೇಳಿರಬೇಕು. ಯಾರೋ ಹೇಳಿದ್ರು. ಯಾರಿರಬಹುದ್ರಿ? ಹಾಂ?

ಪದ್ಮಮ್ಮ? ಆಕೀನ ಇರಬಹುದು! ಕನ್ನಡ ಕೂಟದ ಯುಗಾದಿಗೆ ನನ್ನ ಕರಕೊಂಡು ಹೋಗಿದ್ರಲ್ಲ ನೀವು. ಒಬ್ಬಟ್ಟು ಬಡಸ್ಕೋತ ಅಂದ್ಲಲ್ಲ ಆಕಿ, 'ಮುಸ್ಲಿಮ್ಸ್ ಆದ್ರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ' ಅಂತ. ಮನ್ಯಾಗ ನಾವು ಉರ್ದು ಆಡ್ತೀವಿ, ಖರೆ. ಆದ್ರ ನಮ್ಮ ಓಣಿ ಕನ್ನಡದ್ದು, ಸಾಲಿ ಕನ್ನಡದ್ದು, ಜಗಳ ಕನ್ನಡದ್ದು, ಏನಂತ ಹೇಳ್ಲಿ ಆಕಿಗೆ? ತಲಿ ಕೆಳಗ ಹಾಕಿದೆ. ನೀವು ಬಿಡಲಿಲ್ಲ. 'ಗದಗಿನವಳು ಕನ್ನಡ ಮಾತಾಡದೆ ಇನ್ನೇನು ಮಾತಾಡ್ತಾಳೆ ಪದ್ಮಮ್ಮ?' ಅಂತ ಸಿಡದ್ರಿ, ಎಲ್ಲರ ಮುಂದ! ಅವತ್ತು ಮನಿಗೆ ಬಂದು ವಾಹಿದ್‌ಗ ಹೇಳಿದೆ, ಈ ಊರಾಗ ನಮಗೂ ಒಬ್ಬರು ಅದಾರ ಅಂತ. ಅವರ ಕಂಪನಿ ಮಿಶಿಗನ್ನಿನ ರಾಚೆಸ್ಟರ್ ಹಿಲ್ಸ್‌ದಾಗ ಹೊಸಾ ಆಫೀಸ್ ತಗದೈತಿ, ಹೋಗೂಣ ನಡಿ ಅಂತ ವರ್ಷದಿಂದ ಗಂಟಬಿದ್ದಾರ. ನಾನ ಬ್ಯಾಡ ಅನ್ನಾಕಿ. ಇಲ್ಲಿ ಏನಿಟ್ಟಿ ನೀ ಅಂತಾರ. ಇಂದುಮತಿ ಅಕ್ಕಾರ ಅದಾರ ಅಂತೀನಿ.

ಹೂಂ, ಪದ್ಮಮ್ಮ... ಅಲ್ಲ ಬಿಡ್ರಿ. ಆಕಿಗೆ ಹೋಮಿನ ದಾರೀನ ಗೊತ್ತಿಲ್ಲ. ಸತ್ಯನಾರಾಯಣ ಅವರು? ಫಾರ್ಮಸಿಯಿಂದ ಔಷಧ ತಂದುಕೊಡ್ತಾರಲ್ಲ ಹೋಮಿಗೆ, ಅವರ ಬಾಯಿ ತಪ್ಪಿ ಅಂದಿರಬಹುದು? ಅವರ ಇರಬೇಕು, ಅಲ್ಲೇನ್ರಿ? ... ಹೌದು ಅನ್ರಿ. ... ಯಾಕ್ರೀ ಆ ಚಮಚಾ ತಿರಗಸಾಕತ್ತೀರಿ, ಕಪ್ಪಿನ್ಯಾಗ ಚಾ ಮುಗದು ಎಷ್ಟೋ ಹೊತ್ತಾತು.

ಅಕ್ಕಾರ, ಇತ್ತ ನೋಡ್ರಿ. ಕಿಟಕಿ ಕಡೆ ಅಲ್ಲ, ಶ್ಯಾಮ್ ಸಾಹೇಬರು ಸ್ನೋ ತಕ್ಕೊಂಡು ಆರಾಮ ಇರ್ಲಿ, ಅವರನ್ನ ಯಾಕ ಕರೀತೀರಿ. ನನ್ನ ಕಡೆ ನೋಡ್ರಿ. ಯಾರೋ ನನ್ನ ಅನ್ನ ಕಸಗೊಂಡಾರ ಅಂತ ಇಷ್ಟೊತ್ತು ಬಡಕೊಂಡೆ. ಒಮ್ಮೆ ಆದ್ರೂ 'ಛೇ, ಯಾರೇ ಅದು?' ಅಂತ ನಿಮ್ಮ ಬಾಯಿಂದ ಬರಲಿಲ್ಲ.

... ಹೂಂ.

ನನಗ ಗೊತ್ತೈತ್ರಿ. ಶುಕ್ರವಾರಾನ ಗೊತ್ತಾತು. ಪಾರ್ಕಿಂಗ್ ಲಾಟಿನ್ಯಾಗ ಡಯಾನ್ ನನ್ನ ಹಿಂದ ಓಡಿ ಬಂದ್ಲು, ಅಳ್ಕೋತ, ಬೈಕೋತ. 'ಇಂದುಮತಿ ಎಲ್ಲಾ ಹೇಳಿದ್ಲು' ಅಂದ್ಲು. ಮುಸಲ್ಮಾನಾಕಿ ಅಂತ ಹೇಳಿದ್ರಿ, ಅದಕ್ಕೇನ್ರಿ, ನಾ ಮುಸಲ್ಮಾನಾಕೀನ. ಆದಾ ಅನ್ನೂದು ಸುಳ್ಳು ಹೆಸರು ಅಂತ ಹೇಳಿದ್ರಿ. ಆ ಹೆಸರು ಇಟ್ಟಾಕಿ ನಾನ ಅಂತ ಮಾತ್ರ ನೀವು ಹೇಳಲಿಲ್ಲ. ಹೋಗ್ಲಿ, ನಿಮಗೂ ಕೆಲಸದ ಅಂಜಿಕಿ ಇರ್ತೈತಿ, ತಿಳೀತೈತಿ ನನಗ. ಆದ್ರ ಅದರ ಮುಂದಿಂದು? 'ಅವಳು ನಮ್ಮವಳಲ್ಲ, ನನಗೆ ಅವಳ ಪರಿಚಯ ಅಷ್ಟಕ್ಕಷ್ಟೇ' ಅಂದ್ರಂತಲ್ಲ! ಇಂಗ್ಲಿಷಿನ್ಯಾಗ ಅಂದಿದ್ರಿ. ಕಾರಿನ್ಯಾಗ ಕುಂತು ಅದನ್ನ ಕನ್ನಡಕ್ಕ ಹಾಕಿ ನೋಡಿದೆ. ಕನ್ನಡದಾಗ ಇನ್ನೂ ಕೆಟ್ಟ ಕೇಳಸ್ತೈತ್ರಿ ಅದು.

ಅಕ್ಕಾರ... ಅಲ್ಲಿ ಮೊರಾಕ್ಕೋದಾಕಿ ಅಂದ್ರು, ಇಲ್ಲಿ ಇಟಲಿಯಾಕಿ ಅಂದ್ರು, ಅಂದೋರು ಅಂದ್ರು, ಹೊತ್ಕೊಂಡೆ. ಹೊತ್ಕೊಂಡು ಮನಿಗೆ ಬಂದು ನಿಮಗ ಫೋನ್ ಹಚ್ಚಿದ್ರ ನಾ ಗದಗಿನ ಆಬಿದಾ ಆಗ್ತಿದ್ದೆ. ಅದೊಂದ ಜಾಗಾ ಇತ್ರಿ ನನಗ, ಇಷ್ಟು ದೊಡ್ಡ ದೇಶದಾಗ. ಡೆವಾನ್ ರಸ್ತಾದ ಇಂಡಿಯಾ ಅಂಗಡ್ಯಾಗ ಮೆಣಸಿನಕಾಯಿ ತುಟ್ಟಿ ಆತು ಅಂತ ನನ್ನಷ್ಟಕ್ಕ ನಾ ಕನ್ನಡದಾಗ ಗೊಣಗಿದ್ದು ಕೇಳಿ, ಓಡಿ ಬಂದು ನನ್ನ ಕೈ ಹಿಡದಾಕಿ ನೀವು. ಪರಿಚಯ ಇಲ್ಲಂತ! ಹುದಾಗ ಜ್ವರ ಬಂದ್ರ ನನ್ನ ಕಿಂತ ಮೊದಲ ಥರ್ಮಾಮೀಟರ್ ಹಿಡದು ಬಂದಾಕಿ ಯಾರು ಮತ್ತ?

ಎರಡು ದಿನ ಕುಂತು ವಿಚಾರ ಮಾಡಿದೆ. ಡಯಾನ್ ಸಿಟ್ಟಿನ್ಯಾಗ ಸುಳ್ಳು ಹೇಳಿರಬೇಕು ಅಂತ ಮನಸಿಗೆ ಹೇಳ್ಕೊಂಡೆ. ವಾಹಿದ್‌ಗೂ ಹಂಗ ಹೇಳಿದೆ. ಅದಕ್ಕ ಏನೂ ಗೊತ್ತಿಲ್ಲದಾಕಿಯಂಗ ಬಂದು ಕುಂತೆ ಇಲ್ಲಿ. ಪಾಪ, ಪದ್ಮಮ್ಮನ್ನ ಎಳದು ತಂದೆ, ಸತ್ಯನಾರಾಯಣ ಅವರನ್ನ ಎಳದು ತಂದೆ, ಯಾರದರ ಒಂದು ಹೆಸರು ನೀವು ಹಿಡ್ಕೋತೀರಿ ಅಂತ. ಹಿಡ್ಕೊಂಡಿದ್ರ ಹೂಂ ಅಂತಿದ್ದೆ. ನುನ್ಸಿಯಾನ ಮಾತು ನೆಪ ಅಲ್ರಿ, ಆಕಿ ಖರೇನ ನನ್ನ ದಾರಿ ಕಾಯಾಕತ್ತಾಳ, ನೀವ ಮುಚ್ಚಿದ ಬಾಗಲಾ ಅದು, ನೀವ ತಗೀಬೇಕು. ಆದ್ರ ಅದಕ್ಕಿಂತ ಮೊದಲ ನನಗೊಂದು ಬೇಕಾಗೇತಿ. ಖರೇ ಬ್ಯಾಡ್ರಿ. ಖರೇ ಕೇಳಿ ಸಾಕಾಗೇತಿ. 'ನಾನು ಹಾಗಂದಿಲ್ಲ ಆಬಿದಾ' ಅಂತ ಒಂದ ಸಲ ಅನ್ರಿ. ಸುಳ್ಳು ಹೇಳ್ರಿ. ಅಲ್ಲಾನ ಆಣಿ, ನಂಬತೀನಿ. ನಂಬಾಕಂತ ತಯಾರಾಗೇ ಬಂದೀನಿ, ಹೆಂಗ ಹೇಳಿದ್ರೂ ನಂಬತೀನಿ...

ಹೇಳ್ರಿ ಅಕ್ಕಾರ.

...

ನನ್ನ ಸಲುವಾಗಿ ಒಂದು ಸುಳ್ಳೂ ಆಗೂದಿಲ್ಲೇನ್ರಿ ನಿಮ್ಮ ಕೈಲೆ?